ಸೂರಿನಡಿ ಅರವತ್ತು ವರ್ಷ: ಹ್ಯೂಸ್ಟನ್ನಿನ ಆಸ್ಟ್ರೋಡೋಮ್

ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ನಗರದ ದಕ್ಷಿಣ ಭಾಗದಲ್ಲಿ, ಎನ್‌ಆರ್‌ಜಿ ಪಾರ್ಕ್ ಎಂಬ ವಿಶಾಲ ಆವರಣದ ನಡುವೆ ನಿಂತಿರುವ ಆಸ್ಟ್ರೋಡೋಮ್‌ಗೆ 2025ರ ಏಪ್ರಿಲ್ 9ರಂದು ಅರವತ್ತು ವರ್ಷ ತುಂಬಿತು. ಇಡೀ ಆಟದ ಬಯಲಿಗೆ ಸೂರು ಹೊದಿಸಿ, ಒಳಗೆಲ್ಲ ತಂಪು ಗಾಳಿ ಹರಿಸಿದ ಜಗತ್ತಿನ ಮೊದಲ ಬಹುಪಯೋಗಿ ಗುಮ್ಮಟ ಕ್ರೀಡಾಂಗಣ ಇದು. ಇದರ ಮಗ್ಗುಲಲ್ಲೇ 2002ರಲ್ಲಿ ತೆರೆದ, ಇದಕ್ಕಿಂತ ದೊಡ್ಡದಾದ ಎನ್‌ಆರ್‌ಜಿ ಸ್ಟೇಡಿಯಮ್ ಇದೆ. 2019ರ ಸೆಪ್ಟೆಂಬರ್ 22ರಂದು ಪ್ರಧಾನಿ ನರೇಂದ್ರ ಮೋದಿ ಅವರ ‘ಹೌಡಿ ಮೋದಿ’ ಸಭೆ ನಡೆದದ್ದು ಆ ಹೊಸ ಸ್ಟೇಡಿಯಮ್ಮಿನಲ್ಲಿ. ಅಂದು ಅಲ್ಲಿಗೆ ಬಂದ ಸುಮಾರು 50 ಸಾವಿರ ಮಂದಿಯಲ್ಲಿ ಅಮೆರಿಕದ ಕನ್ನಡಿಗರೂ ಇದ್ದರು. ಪಕ್ಕದ ಹಳೆಯ ಗುಮ್ಮಟವನ್ನು ಕಾಣದೆ ಆ ಆವರಣ ದಾಟುವುದು ಸಾಧ್ಯವಿಲ್ಲ. ಕಂಡವರಲ್ಲಿ ಅನೇಕರು ಅದನ್ನು ಕಾಲ ಮುಗಿದ ಕಟ್ಟಡವೆಂದೇ ಎಣಿಸಿರಬಹುದು. ಬೇಸ್‌ಬಾಲ್ ತಂಡ ಹೋಯಿತು, ಅಮೆರಿಕನ್ ಫುಟ್‌ಬಾಲ್ ತಂಡ ಹೋಯಿತು, ಇನ್ನು ಇದು ಯಾಕೆ ಎಂಬ ಪ್ರಶ್ನೆ ಹ್ಯೂಸ್ಟನ್ನಿನಲ್ಲೇ ಎರಡು ದಶಕಗಳಿಂದ ಕೇಳಿಬರುತ್ತಿದೆ. ಈ ಪ್ರಶ್ನೆಗೆ ಉತ್ತರ ಕಟ್ಟಡದ ಚರಿತ್ರೆಯಲ್ಲೇ ಇದೆ ಎಂಬುದು ಈ ಲೇಖನದ ನಿಲುವು. ಆಸ್ಟ್ರೋಡೋಮ್ ಯಾವತ್ತೂ ಒಂದು ಆಟದ ಅಥವಾ ಒಂದು ತಂಡದ ಸೊತ್ತಾಗಿರಲಿಲ್ಲ. ಅದು ಜನರ ಮತದಿಂದ, ಜನರ ಹೆಸರಿನಲ್ಲಿ ತಂದ ಸಾಲದಿಂದ ಎದ್ದ ಸಾರ್ವಜನಿಕ ಸಭಾಂಗಣ. ಕಾಲ ಬದಲಾದಂತೆಲ್ಲ ತನ್ನ ಕೆಲಸವನ್ನೂ ಬದಲಿಸಿಕೊಂಡು ಬಂದದ್ದು. ಹಾಗಿರುವಾಗ ಒಂದು ಕೆಲಸ ಮುಗಿಯಿತೆಂಬ ಕಾರಣಕ್ಕೆ ಅದನ್ನು ಕೆಡವುವುದು ಸರಿಯಲ್ಲ.

1958–1962: ಬಿಸಿಲು, ಸೊಳ್ಳೆ ಮತ್ತು ಮತದಾರರ ಒಪ್ಪಿಗೆ

ಹ್ಯೂಸ್ಟನ್ನಿನ ಹವೆ ತಿಳಿಯದೆ ಈ ಕಟ್ಟಡ ಅರ್ಥವಾಗುವುದಿಲ್ಲ. ಮೆಕ್ಸಿಕೋ ಕೊಲ್ಲಿಗೆ ಹತ್ತಿರದ ತಗ್ಗು ಪ್ರದೇಶವದು; ಬೇಸಿಗೆಯಲ್ಲಿ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಗಾಳಿಯಲ್ಲಿ ತೇವ ತುಂಬಿರುತ್ತದೆ, ಮಧ್ಯಾಹ್ನ ಕಳೆದರೆ ಗುಡುಗು ಮಳೆ. ಮಂಗಳೂರು, ಉಡುಪಿಯವರಿಗೆ ಈ ಸೆಕೆಯನ್ನು ವಿವರಿಸಿ ಹೇಳಬೇಕಿಲ್ಲ. ತೈಲದ ದುಡ್ಡಿನಿಂದ ವೇಗವಾಗಿ ಬೆಳೆಯುತ್ತಿದ್ದ ಈ ಊರಿಗೆ ದೇಶದ ಪ್ರಮುಖ ಬೇಸ್‌ಬಾಲ್ ಲೀಗಿನಲ್ಲಿ ಒಂದು ತಂಡ ಬೇಕೆಂಬ ಆಸೆ ಇತ್ತು. ತಂಡ ಸಿಗಬೇಕಾದರೆ ಯೋಗ್ಯ ಕ್ರೀಡಾಂಗಣವಿರಬೇಕೆಂಬ ಷರತ್ತೂ ಇತ್ತು. 1958ರಲ್ಲಿ ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯ (ಜಿಲ್ಲೆಯ) ಮತದಾರರು ಕ್ರೀಡಾಂಗಣಕ್ಕಾಗಿ ಸಾಲಪತ್ರ ಹೊರಡಿಸಲು ಒಪ್ಪಿದರು. 1960ರ ಅಕ್ಟೋಬರ್‌ನಲ್ಲಿ ನ್ಯಾಷನಲ್ ಲೀಗ್ ಹ್ಯೂಸ್ಟನ್ನಿಗೆ ತಂಡ ಕೊಟ್ಟಿತು. 1961ರ ಜನವರಿಯಲ್ಲಿ, ಈ ಬಾರಿ ಸೂರಿರುವ ಕ್ರೀಡಾಂಗಣಕ್ಕೆಂದೇ, ಮತ್ತೊಮ್ಮೆ ಮತದಾರರ ಮುಂದೆ ಹೋಗಬೇಕಾಯಿತು. ಮುಂದೆ ಖರ್ಚು ಏರಿದಾಗ ಇನ್ನೊಮ್ಮೆ. ಖಾಸಗಿ ಮಾಲೀಕರು ತಂಡವನ್ನು ನಡೆಸಿದರೂ ಕಟ್ಟಡ ಕೌಂಟಿಯದು, ಅಂದರೆ ಸಾರ್ವಜನಿಕರದು. ಇದನ್ನು ಆರಂಭದಲ್ಲೇ ಹೇಳಬೇಕು. ಕೆಡವುವ ಮಾತು ಬಂದಾಗಲೆಲ್ಲ ಚರ್ಚೆ ಕೊನೆಗೆ ಬಂದು ನಿಲ್ಲುವುದು ಈ ಮಾಲೀಕತ್ವದ ಮೇಲೆಯೇ.

ಸೂರಿನ ಕಲ್ಪನೆಗೆ ಬೆನ್ನೆಲುಬಾಗಿ ನಿಂತವರು ರಾಯ್ ಹಾಫ್‌ಹೈನ್ಜ್. ಇಪ್ಪತ್ತನಾಲ್ಕರ ವಯಸ್ಸಿಗೇ ಕೌಂಟಿಯ ಚುನಾಯಿತ ಮುಖ್ಯಸ್ಥರಾದವರು, ಆಮೇಲೆ 1953ರಿಂದ 1955ರವರೆಗೆ ಹ್ಯೂಸ್ಟನ್ನಿನ ಮೇಯರ್ ಆದವರು. ಅಲ್ಲಿ ಆ ಮುಖ್ಯಸ್ಥರ ಹುದ್ದೆಗೆ ‘ಕೌಂಟಿ ಜಡ್ಜ್’ ಎಂಬ ಹೆಸರಿರುವುದರಿಂದ ಅವರು ಕೊನೆಯವರೆಗೂ ‘ಜಡ್ಜ್’ ಎಂದೇ ಕರೆಸಿಕೊಂಡರು. ರೋಮಿನ ಕೊಲೋಸಿಯಮ್‌ನಲ್ಲಿ ಪ್ರೇಕ್ಷಕರಿಗೆ ನೆರಳಾಗಲೆಂದು ಬಟ್ಟೆಯ ಚಪ್ಪರ ಎಳೆಯುತ್ತಿದ್ದರೆಂಬ ಸಂಗತಿ ತಮಗೆ ಪ್ರೇರಣೆ ಎಂದು ಅವರು ಹೇಳಿಕೊಂಡಿದ್ದರು. ಜನರನ್ನು ಒಪ್ಪಿಸುವ ಮಾತುಗಾರಿಕೆ ಅವರಿಗಿತ್ತು, ತೈಲೋದ್ಯಮಿ ಆರ್. ಇ. ಸ್ಮಿತ್ ಅವರ ಹಣಬಲ ಅದಕ್ಕೆ ಜೊತೆಯಾಯಿತು. ಕಟ್ಟಡ ತೆರೆದ ವರ್ಷವೇ ಇಬ್ಬರ ದಾರಿ ಬೇರೆಯಾಯಿತು. ಸ್ಮಿತ್ ತಮ್ಮ ಪಾಲನ್ನು ಹಾಫ್‌ಹೈನ್ಜ್ ಅವರಿಗೆ ಬಿಟ್ಟು ಹಿಂದೆ ಸರಿದರು. ಸಂಸ್ಥೆಗಳನ್ನು ಕಟ್ಟುವವರ ನಡುವೆ ಇಂಥ ಭಿನ್ನಾಭಿಪ್ರಾಯ ಅಪರೂಪವಲ್ಲ. ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಗುಮ್ಮಟ ಏಳುತ್ತಿರಲಿಲ್ಲ ಎನ್ನುವುದೇ ಚರಿತ್ರೆಗೆ ಮುಖ್ಯ.

1961ರ ಮತದಾನದ ಹಿಂದೆ ಇನ್ನೊಂದು ಒಪ್ಪಂದವಿತ್ತು. ನನ್ನ ದೃಷ್ಟಿಯಲ್ಲಿ ಈ ಕಟ್ಟಡದ ಚರಿತ್ರೆಯಲ್ಲೇ ಅತ್ಯಂತ ಗೌರವದ ಅಧ್ಯಾಯ ಅದು. ಆ ಕಾಲದಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕರಿಯರಿಗೆ ಬೇರೆ ಬಾಗಿಲು, ಬೇರೆ ಆಸನ, ಬೇರೆ ನೀರಿನ ನಲ್ಲಿ. ಹ್ಯೂಸ್ಟನ್ನಿನ ಕರಿಯ ಸಮುದಾಯದ ನಾಯಕ ಕ್ವೆಂಟಿನ್ ಮೀಸ್ ಮತ್ತು ಅವರ ಜೊತೆಯವರು ಹಾಫ್‌ಹೈನ್ಜ್ ಅವರ ಮುಂದೆ ಒಂದೇ ಷರತ್ತು ಇಟ್ಟರು: ನಮ್ಮ ಮತ ಬೇಕಾದರೆ ಹೊಸ ಕ್ರೀಡಾಂಗಣ ಮೊದಲ ದಿನದಿಂದಲೇ ಎಲ್ಲರಿಗೂ ಸಮಾನವಾಗಿ ತೆರೆದಿರಬೇಕು. ಹಾಫ್‌ಹೈನ್ಜ್ ಮಾತು ಕೊಟ್ಟರು. ಸಮುದಾಯ ಸಾಲಪತ್ರದ ಪರವಾಗಿ ನಿಂತಿತು. ಕೊಟ್ಟ ಮಾತು ಉಳಿಯಿತು. ಸಾರ್ವಜನಿಕ ಸ್ಥಳಗಳಲ್ಲಿ ಭೇದ ನಿಷೇಧಿಸುವ ನಾಗರಿಕ ಹಕ್ಕುಗಳ ಕಾಯಿದೆ ಬಂದದ್ದು 1964ರಲ್ಲಿ. ಅದಕ್ಕೆ ಮೂರು ವರ್ಷ ಮೊದಲೇ ಈ ಕಟ್ಟಡದ ತಳಪಾಯಕ್ಕೆ ಸಮಾನ ಪ್ರವೇಶದ ಕರಾರು ಸೇರಿತ್ತು.

1962ರ ಜನವರಿ 3ರಂದು ಶಂಕುಸ್ಥಾಪನೆ. ತಂಡದ ಆಗಿನ ಹೆಸರು ಕೋಲ್ಟ್ .45, ಆ ಹೆಸರಿನ ಪಿಸ್ತೂಲನ್ನೇ ಹಿಡಿದು ಅಧಿಕಾರಿಗಳು ನೆಲಕ್ಕೆ ಗುಂಡು ಹಾರಿಸಿ ಕೆಲಸ ಆರಂಭಿಸಿದರು. ಗುಮ್ಮಟ ಏಳುವವರೆಗೆ ತಂಡ ಆಡಿದ್ದು ಪಕ್ಕದ ಬಯಲಲ್ಲಿ ಕಟ್ಟಿದ ತಾತ್ಕಾಲಿಕ ಕೋಲ್ಟ್ ಸ್ಟೇಡಿಯಮ್ಮಿನಲ್ಲಿ. ಅಲ್ಲಿನ ಸೊಳ್ಳೆ ಕಾಟಕ್ಕೆ ಆಟದ ನಡುವೆಯೇ ಔಷಧಿ ಸಿಂಪಡಿಸಬೇಕಾಗುತ್ತಿತ್ತು. ಭಾನುವಾರದ ಆಟಗಳನ್ನು ಹಗಲಲ್ಲೇ ಆಡಬೇಕೆಂಬ ರೂಢಿಯನ್ನು ಲೀಗ್ ಈ ಊರಿಗಾಗಿ ಸಡಿಲಿಸಿ, 1963ರ ಜೂನ್‌ನಲ್ಲಿ ಮೊದಲ ಬಾರಿಗೆ ಭಾನುವಾರ ರಾತ್ರಿ ಆಡಲು ಬಿಟ್ಟಿತು. ಸೂರು ಇಲ್ಲಿ ಶೋಕಿಗಾಗಿ ಬಂದದ್ದಲ್ಲ ಎನ್ನುವುದಕ್ಕೆ ಇಷ್ಟು ಸಾಕು.

1962–1966: ಉಕ್ಕು, ಬೆಳಕು, ಹುಲ್ಲು

ವಾಸ್ತುಶಿಲ್ಪಿಗಳು ಲಾಯ್ಡ್ ಮತ್ತು ಮಾರ್ಗನ್ ಹಾಗೂ ವಿಲ್ಸನ್, ಮಾರಿಸ್, ಕ್ರೇನ್ ಮತ್ತು ಆಂಡರ್ಸನ್; ರಚನೆಯ ಎಂಜಿನಿಯರಿಂಗ್ ವಾಲ್ಟರ್ ಪಿ. ಮೂರ್ ಸಂಸ್ಥೆಯದು. ಒಳಗೆ ಒಂದೇ ಒಂದು ಕಂಬವಿಲ್ಲದೆ 642 ಅಡಿ ಅಗಲದ ಬಯಲನ್ನು ಮುಚ್ಚಬೇಕು, ನೆತ್ತಿ 208 ಅಡಿ ಎತ್ತರದಲ್ಲಿರಬೇಕು. ಅಷ್ಟು ಅಗಲದ ಗುಮ್ಮಟವನ್ನು ಅಲ್ಲಿಯವರೆಗೆ ಯಾರೂ ಕಟ್ಟಿರಲಿಲ್ಲ. ವಜ್ರಾಕೃತಿಯ ಕಣ್ಣುಗಳು ಬರುವಂತೆ ಉಕ್ಕಿನ ತೊಲೆಗಳನ್ನು ಒಂದಕ್ಕೊಂದು ಹೆಣೆದು, ಕೆಳಗೆ ತಾತ್ಕಾಲಿಕ ಗೋಪುರಗಳ ಆಧಾರ ಕೊಟ್ಟು ಗುಮ್ಮಟವನ್ನು ಜೋಡಿಸಿದರು. ಜೋಡಣೆ ಮುಗಿದ ಮೇಲೆ ಜ್ಯಾಕ್‌ಗಳನ್ನು ಎಲ್ಲ ಕಡೆಯೂ ಸಮನಾಗಿ ಸ್ವಲ್ಪ ಸ್ವಲ್ಪವೇ ಇಳಿಸಿ ಆಧಾರ ತೆಗೆದರು. ಭಾರವೆಲ್ಲ ಸುತ್ತಲಿನ ಉಕ್ಕಿನ ಬಳೆಗೆ ಇಳಿಯಿತು. ಟೆಕ್ಸಸ್ ಬಿಸಿಲಿಗೆ ಇಷ್ಟು ದೊಡ್ಡ ಉಕ್ಕಿನ ರಚನೆ ಹಿಗ್ಗುತ್ತದೆ, ಚಂಡಮಾರುತಕ್ಕೆ ಅಲುಗುತ್ತದೆ. ಅದಕ್ಕಾಗಿ ಎಂಜಿನಿಯರ್ ಕೆನೆತ್ ಜಿಮ್ಮರ್‌ಮನ್ ಕಂಬಗಳ ತಲೆಯಲ್ಲಿ ಬೆರಳ ಗೆಣ್ಣಿನ ಹಾಗೆ ಮಡಚಿಕೊಳ್ಳುವ ಕೀಲು ಇಟ್ಟರು. ಗುಮ್ಮಟ ಉಸಿರಾಡುವಂತೆ ಹಿಗ್ಗಿ ಕುಗ್ಗಿದರೂ ಕೆಳಗಿನ ಗೋಡೆಗೆ ಬಿರುಕು ಬರುವುದಿಲ್ಲ. ಗಂಟೆಗೆ 135 ಮೈಲಿ ವೇಗದ ಗಾಳಿಯನ್ನು ತಾಳಬೇಕೆಂದು ಲೆಕ್ಕ ಹಾಕಿ ಕಟ್ಟಿದ ರಚನೆ ಇದು. ಆಟದ ನೆಲ ಹೊರಗಿನ ನೆಲಮಟ್ಟಕ್ಕಿಂತ ಸುಮಾರು 30 ಅಡಿ ಕೆಳಗಿದೆ. ಆದ್ದರಿಂದ ಹೊರಗಿನಿಂದ ನೋಡಿದವರಿಗೆ ಒಳಗಿನ ವಿಸ್ತಾರ ಅಂದಾಜಿಗೆ ಸಿಗುವುದಿಲ್ಲ. ಒಟ್ಟು ವೆಚ್ಚ ಸುಮಾರು 3.5 ಕೋಟಿ ಡಾಲರ್.

1965ರ ಏಪ್ರಿಲ್ 9ರ ರಾತ್ರಿ ಅಧ್ಯಕ್ಷ ಲಿಂಡನ್ ಜಾನ್ಸನ್ ದಂಪತಿಯ ಸಮ್ಮುಖದಲ್ಲಿ, 47,876 ಪ್ರೇಕ್ಷಕರ ಮುಂದೆ ನ್ಯೂಯಾರ್ಕ್ ಯಾಂಕೀಸ್ ಜೊತೆ ಪ್ರದರ್ಶನ ಪಂದ್ಯ ನಡೆಯಿತು. ಗುಮ್ಮಟದೊಳಗಿನ ಮೊದಲ ಹೋಮ್‌ರನ್ ಎದುರಾಳಿ ತಂಡದ ಮಿಕ್ಕಿ ಮ್ಯಾಂಟಲ್ ಅವರದು; ಆದರೂ ಆತಿಥೇಯರು ಹನ್ನೆರಡನೆಯ ಇನಿಂಗ್ಸ್‌ನಲ್ಲಿ 2–1ರಿಂದ ಗೆದ್ದರು. ಅಷ್ಟರಲ್ಲಿ ನಾಸಾ ತನ್ನ ಮಾನವಸಹಿತ ಬಾಹ್ಯಾಕಾಶ ಕೇಂದ್ರವನ್ನು ಹ್ಯೂಸ್ಟನ್ನಿಗೆ ತಂದಿತ್ತು. ತಂಡ ‘ಆಸ್ಟ್ರೋಸ್’ ಆಯಿತು. ‘ಹ್ಯಾರಿಸ್ ಕೌಂಟಿ ಡೋಮ್ಡ್ ಸ್ಟೇಡಿಯಮ್’ ಎಂಬ ದಾಖಲೆಯ ಹೆಸರನ್ನು ಹಿಂದಿಕ್ಕಿ ಆಸ್ಟ್ರೋಡೋಮ್ ಎಂಬ ಹೆಸರು ಜನರ ಬಾಯಿಗೆ ಬಂತು.

ಮೊದಲ ಹಗಲಲ್ಲೇ ತೊಡಕು ಕಾಣಿಸಿತು. ಒಳಗೆ ನಿಜವಾದ ಹುಲ್ಲು ಬೆಳೆಯಲೆಂದು ಚಾವಣಿಗೆ 4,500ಕ್ಕೂ ಹೆಚ್ಚು ಪಾರದರ್ಶಕ ಅಕ್ರಿಲಿಕ್ ಫಲಕ ಕೂರಿಸಿದ್ದರು. ಹಗಲಿನ ಬಿಸಿಲು ಆ ಫಲಕಗಳ ಮೂಲಕ ಇಳಿದು, ಉಕ್ಕಿನ ಹೆಣಿಗೆಯ ನೆರಳಿನೊಡನೆ ಬೆರೆತಾಗ ಮೇಲೆ ಹಾರಿದ ಚೆಂಡು ಆಟಗಾರರ ಕಣ್ಣಿಗೆ ಸಿಗದೆ ಹೋಗುತ್ತಿತ್ತು. ಫಲಕಗಳಿಗೆ ಬಣ್ಣ ಬಳಿದರು. ಚೆಂಡು ಕಂಡಿತು, ಹುಲ್ಲು ಸತ್ತಿತು. ಆ ಋತುವಿನ ಉಳಿದ ಆಟಗಳು ಹಸಿರು ಬಣ್ಣ ಬಳಿದ ಮಣ್ಣಿನ ಮೇಲೆ ನಡೆದವು. 1966ರಲ್ಲಿ ಮಾನ್ಸಾಂಟೋ ಕಂಪನಿಯ ಕೃತಕ ಹುಲ್ಲುಹಾಸು ಬಂತು; ಅದಕ್ಕೆ ಆಸ್ಟ್ರೋಟರ್ಫ್ ಎಂಬ ಹೆಸರು ಬಂದದ್ದು ಈ ಕಟ್ಟಡದಿಂದ. ಜಗತ್ತಿನ ನೂರಾರು ಮೈದಾನಗಳಿಗೆ ಹರಡಿದ, ಹಾಕಿ ಆಟದ ರೀತಿಯನ್ನೇ ಬದಲಿಸಿದ ಕೃತಕ ನೆಲಹಾಸಿನ ಯುಗ ಆರಂಭವಾದದ್ದು ಇಲ್ಲಿನ ಒಂದು ತಪ್ಪು ಲೆಕ್ಕದಿಂದ. ಒಂದೇ ವರ್ಷದಲ್ಲಿ ಚಾವಣಿಯ ಬಣ್ಣ ಬದಲಾಯಿತು, ನೆಲ ಬದಲಾಯಿತು, ಆದರೂ ಆಟ ನಿಲ್ಲಲಿಲ್ಲ. ಕಟ್ಟಡಕ್ಕೆ ತನ್ನನ್ನು ತಾನೇ ತಿದ್ದಿಕೊಳ್ಳುವ ಗುಣ ಇದೆ ಎಂಬುದಕ್ಕೆ ಇದು ಮೊದಲ ಸಾಕ್ಷ್ಯ.

1966–1975: ದಿನಕ್ಕೊಂದು ನೆಲ

ಕೆಳಹಂತದ ಆಸನಗಳ ದೊಡ್ಡ ಭಾಗಗಳನ್ನು ಹಳಿಗಳ ಮೇಲೆ ಕೂರಿಸಿದ್ದರಿಂದ ಅವನ್ನು 35 ಡಿಗ್ರಿಯಷ್ಟು ತಿರುಗಿಸಿ ಬೇಸ್‌ಬಾಲ್ ಅಂಗಳವನ್ನು ಫುಟ್‌ಬಾಲ್ ಅಂಗಳವಾಗಿಸಬಹುದಿತ್ತು. ಈ ಏರ್ಪಾಡು ಮೂಲ ನಕ್ಷೆಯಲ್ಲೇ ಇದ್ದದ್ದು, ಆಮೇಲೆ ಸೇರಿಸಿದ್ದಲ್ಲ. ಹಲವು ಕೆಲಸಗಳಿಗೆ ಒದಗಬೇಕೆಂಬ ಉದ್ದೇಶದಿಂದಲೇ ಕಟ್ಟಿದ್ದರು. 1966ರಲ್ಲಿ ಹ್ಯೂಸ್ಟನ್ ಜಾನುವಾರು ಪ್ರದರ್ಶನ ಮತ್ತು ರೋಡಿಯೋ ಇಲ್ಲಿಗೆ ಸ್ಥಳಾಂತರಗೊಂಡು 2002ರವರೆಗೆ ಪ್ರತಿ ವರ್ಷ ನಡೆಯಿತು. ನಮ್ಮ ದನಗಳ ಜಾತ್ರೆಯ ಹಾಗೆ ರಾಸು, ವ್ಯಾಪಾರ, ಹಾಡು, ಊಟ ಎಲ್ಲವೂ ಸೇರಿದ ಹಬ್ಬ ಅದು. ಹಳ್ಳಿಯ ರೈತ ಕುಟುಂಬಗಳು ನಗರದ ಅತ್ಯಾಧುನಿಕ ಕಟ್ಟಡದೊಳಕ್ಕೆ ತಮ್ಮ ಕರುಗಳೊಂದಿಗೆ ಬಂದವು. 1970ರಲ್ಲಿ ಎಲ್ವಿಸ್ ಪ್ರೀಸ್ಲಿ ರೋಡಿಯೋದಲ್ಲಿ ಹಾಡಿದರು. 1995ರ ಫೆಬ್ರವರಿ 26ರಂದು 60 ಸಾವಿರಕ್ಕೂ ಹೆಚ್ಚು ಜನರ ಮುಂದೆ ಹಾಡಿದ ಗಾಯಕಿ ಸೆಲೀನಾ, ಅದಾಗಿ ಐದು ವಾರದೊಳಗೆ ಕೊಲೆಯಾದರು. ಟೆಕ್ಸಸ್‌ನ ಮೆಕ್ಸಿಕನ್ ಮೂಲದ ಕುಟುಂಬಗಳಿಗೆ ಈ ಗುಮ್ಮಟದ ಮೇಲೆ ಇಂದಿಗೂ ಇರುವ ಮಮತೆಗೆ ಆ ರಾತ್ರಿ ಒಂದು ಮುಖ್ಯ ಕಾರಣ.

1966ರ ನವೆಂಬರ್‌ನಲ್ಲಿ ಬಾಕ್ಸರ್ ಮುಹಮ್ಮದ್ ಅಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಅವರನ್ನೂ, 1967ರ ಫೆಬ್ರವರಿಯಲ್ಲಿ ಅರ್ನಿ ಟೆರೆಲ್ ಅವರನ್ನೂ ಸೋಲಿಸಿದ್ದು ಇಲ್ಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಅವರು ವಿಯೆಟ್ನಾಂ ಯುದ್ಧಕ್ಕಾಗಿ ಸೇನೆ ಸೇರಲು ನಿರಾಕರಿಸಿದ್ದೂ ಇದೇ ಊರಿನಲ್ಲಿ. 1968ರ ಜನವರಿ 20ರಂದು ಹ್ಯೂಸ್ಟನ್ ವಿಶ್ವವಿದ್ಯಾಲಯ ಮತ್ತು ಯುಸಿಎಲ್‌ಎ ನಡುವೆ ಬ್ಯಾಸ್ಕೆಟ್‌ಬಾಲ್ ಪಂದ್ಯ. ಅದಕ್ಕೆ ಬೇಕಾದ ಮರದ ನೆಲಹಾಸನ್ನು ಲಾಸ್ ಏಂಜಲೀಸ್‌ನಿಂದ ತರಿಸಿ ವಿಶಾಲ ಬಯಲಿನ ನಟ್ಟನಡುವೆ ಜೋಡಿಸಿದರು. ಹತ್ತಿರದ ಆಸನವೂ ಆಟದಿಂದ ಬಹಳ ದೂರ. ಆದರೂ 52,693 ಮಂದಿ ಬಂದರು. ಎಲ್ವಿನ್ ಹೇಯ್ಸ್ ಅವರಿದ್ದ ಹ್ಯೂಸ್ಟನ್ ತಂಡ 71–69ರಿಂದ ಗೆದ್ದಿತು. ಕಾಲೇಜು ಬ್ಯಾಸ್ಕೆಟ್‌ಬಾಲ್ ದೇಶವಿಡೀ ರಾತ್ರಿ ಹೊತ್ತು ಟಿವಿಯಲ್ಲಿ ನೋಡುವ ಆಟವಾಗಬಲ್ಲದು ಎಂದು ಆ ಪಂದ್ಯ ತೋರಿಸಿತು. 1973ರ ಸೆಪ್ಟೆಂಬರ್ 20ರಂದು 29ರ ವಯಸ್ಸಿನ ಬಿಲ್ಲಿ ಜೀನ್ ಕಿಂಗ್, ಹೆಂಗಸರ ಟೆನಿಸ್‌ ಅನ್ನು ಹೀಯಾಳಿಸುತ್ತಿದ್ದ 55ರ ಬಾಬಿ ರಿಗ್ಸ್ ಅವರನ್ನು 6–4, 6–3, 6–3ರಿಂದ ಸೋಲಿಸಿದರು. ಅಂದು ನೆರೆದವರು 30,472 ಮಂದಿ. ಶಿಕ್ಷಣ ಸಂಸ್ಥೆಗಳಲ್ಲಿ ಹುಡುಗಿಯರಿಗೆ ಕ್ರೀಡೆಯಲ್ಲೂ ಸಮಾನ ಅವಕಾಶಕ್ಕೆ ದಾರಿ ಮಾಡಿದ ಕಾನೂನು ಅದಕ್ಕೆ ಒಂದು ವರ್ಷ ಹಿಂದಷ್ಟೇ ಬಂದಿತ್ತು. ಬೇಸ್‌ಬಾಲ್‌ಗೆಂದು ಕಟ್ಟಿದ್ದಾರೆ ಎನ್ನಲಾಗುವ ಈ ಕಟ್ಟಡದ ಅತ್ಯಂತ ಮಹತ್ವದ ಎರಡು ರಾತ್ರಿಗಳು ಬೇಸ್‌ಬಾಲ್‌ಗೆ ಸೇರಿದವಲ್ಲ ಎಂಬುದನ್ನು ಗಮನಿಸಬೇಕು.

1976–2002: ತಂಡಗಳ ನಿರ್ಗಮನ

1976ರ ಜೂನ್ 15ರಂದು ಊರೆಲ್ಲ ನೀರು ತುಂಬಿ ಅಂಪೈರ್‌ಗಳೂ ಪ್ರೇಕ್ಷಕರೂ ಬರಲಾಗದೆ, ಸೂರಿರುವ ಕ್ರೀಡಾಂಗಣದಲ್ಲೂ ಮಳೆಯಿಂದ ಪಂದ್ಯ ರದ್ದಾಯಿತು. ಅಷ್ಟರಲ್ಲಿ ನ್ಯೂ ಆರ್ಲಿಯನ್ಸ್, ಪಾಂಟಿಯಾಕ್, ಸಿಯಾಟಲ್ ನಗರಗಳಲ್ಲಿ ಇನ್ನೂ ದೊಡ್ಡ ಗುಮ್ಮಟಗಳು ಎದ್ದಿದ್ದವು. 1980ರ ದಶಕದ ಕೊನೆಗೆ ಫುಟ್‌ಬಾಲ್ ತಂಡವಾದ ಆಯ್ಲರ್ಸ್ ಹೆಚ್ಚು ಆಸನ ಕೇಳಿತು. ತಂಡ ಊರು ಬಿಟ್ಟೀತೆಂಬ ಆತಂಕದಲ್ಲಿ ಕೌಂಟಿ ಕೋಟ್ಯಂತರ ಡಾಲರ್ ಖರ್ಚು ಮಾಡಿ ಸುಮಾರು 10 ಸಾವಿರ ಆಸನ ಸೇರಿಸಿತು. ಅದಕ್ಕಾಗಿ 474 ಅಡಿ ಉದ್ದದ, ಹೋಮ್‌ರನ್ ಬಿದ್ದಾಗ ದೀಪಗಳ ಮೆರವಣಿಗೆಯನ್ನೇ ತೋರಿಸುತ್ತಿದ್ದ ಪ್ರಸಿದ್ಧ ಸ್ಕೋರ್‌ಬೋರ್ಡ್ ಬಲಿಯಾಯಿತು. 1996ರ ಋತು ಮುಗಿಸಿ ಆಯ್ಲರ್ಸ್ ಟೆನೆಸಿಗೆ ಹೋಯಿತು. 1999ರಲ್ಲಿ ಆಸ್ಟ್ರೋಸ್ ಕೊನೆಯ ಆಟ ಆಡಿ ಪೇಟೆಯ ಹೊಸ ಮೈದಾನಕ್ಕೆ ತೆರಳಿತು. 2002ರ ಮಾರ್ಚ್ 3ರಂದು ಜಾರ್ಜ್ ಸ್ಟ್ರೇಟ್ ಅವರ ಗಾಯನದೊಂದಿಗೆ ರೋಡಿಯೋ ಕೂಡ ಪಕ್ಕದ ಸ್ಟೇಡಿಯಮ್ಮಿಗೆ ಸ್ಥಳ ಬದಲಿಸಿತು. ಪ್ರತಿ ತಂಡಕ್ಕೂ ತನ್ನ ವ್ಯವಹಾರದ ಲೆಕ್ಕವಿತ್ತು, ಅದರಲ್ಲಿ ದೋಷ ಹುಡುಕಬೇಕಿಲ್ಲ. ಆದರೆ ಆ ಲೆಕ್ಕ ಕಟ್ಟಡದ ಬಲಹೀನತೆಯನ್ನು ಹೇಳುವುದಿಲ್ಲ. ಆ ಕಾಲದ ಕ್ರೀಡೋದ್ಯಮಕ್ಕೆ ಪ್ರತಿ ಆಟಕ್ಕೂ ಪ್ರತ್ಯೇಕ ಮೈದಾನ, ಹೆಚ್ಚು ವಿಲಾಸಿ ಕೋಣೆಗಳು ಬೇಕಾಗಿದ್ದವು, ಅಷ್ಟೇ.

2005: ಮೂರು ವಾರ

ತಂಡಗಳಿಲ್ಲದ ಗುಮ್ಮಟ ನಿರುಪಯೋಗಿ ಎಂಬ ಮಾತಿಗೆ ಉತ್ತರ ಸಿಕ್ಕಿದ್ದು 2005ರ ಆಗಸ್ಟ್ ಕೊನೆಯಲ್ಲಿ. ಕತ್ರಿನಾ ಚಂಡಮಾರುತಕ್ಕೆ ನ್ಯೂ ಆರ್ಲಿಯನ್ಸ್ ಮುಳುಗಿತು. ಅಲ್ಲಿನ ಸೂಪರ್‌ಡೋಮ್‌ನಲ್ಲಿ ಆಶ್ರಯ ಪಡೆದಿದ್ದ ಸಾವಿರಾರು ಜನ ವಿದ್ಯುತ್ತು, ನೀರು, ಶೌಚ ಯಾವುದೂ ಇಲ್ಲದೆ ಸಿಕ್ಕಿಬಿದ್ದಿದ್ದರು. ಅವರನ್ನು ಬಸ್ಸುಗಳಲ್ಲಿ ಹ್ಯೂಸ್ಟನ್ನಿಗೆ ಕರೆತಂದು ಆಸ್ಟ್ರೋಡೋಮ್‌ನ ನೆಲದ ಮೇಲೆ ಸಾಲು ಮಂಚ ಹಾಕಿದರು. ಆವರಣದ ಬೇರೆ ಕಟ್ಟಡಗಳೂ ಸೇರಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಆಸರೆಯಾಯಿತು. ಸ್ನಾನ, ಊಟ, ಮಕ್ಕಳಿಗೆ ಲಸಿಕೆ, ಚದುರಿದ ಕುಟುಂಬಗಳನ್ನು ಸೇರಿಸುವ ಕೆಲಸ, ವೈದ್ಯಕೀಯ ಶಿಬಿರ, ಎಲ್ಲವೂ ಈ ಆವರಣದಲ್ಲೇ ನಡೆದವು. ಇನ್ನೊಂದು ಚಂಡಮಾರುತ ರೀಟಾ ಹ್ಯೂಸ್ಟನ್ ಕಡೆಗೇ ತಿರುಗುವ ಹೊತ್ತಿಗೆ, ಸೆಪ್ಟೆಂಬರ್ ಇಪ್ಪತ್ತರ ಸುಮಾರಿಗೆ, ಶಿಬಿರ ಮುಚ್ಚಿತು. ಬಂದವರಲ್ಲಿ ಬಹುಪಾಲು ಬಡ ಕರಿಯ ಕುಟುಂಬಗಳು. 1961ರಲ್ಲಿ ‘ಎಲ್ಲರಿಗೂ ತೆರೆದಿರಬೇಕು’ ಎಂದು ಮಾಡಿದ ಕರಾರಿಗೆ ಇದಕ್ಕಿಂತ ದೊಡ್ಡ ಸಾರ್ಥಕತೆ ಇರಲಾರದು. ಗೊತ್ತುಪಡಿಸಿದ ಕೆಲಸವಿಲ್ಲದ ದೊಡ್ಡ ಸೂರೊಂದು ಊರಿನ ನಡುವೆ ಇದ್ದದ್ದರಿಂದಲೇ ಒಂದೇ ರಾತ್ರಿಯಲ್ಲಿ ಅದು ಸಾಧ್ಯವಾಯಿತು.

2009–2018: ಉಳಿಸುವ ಯತ್ನ

ಅಗ್ನಿಸುರಕ್ಷೆಯ ಹೊಸ ನಿಯಮಗಳಿಗೆ ಹೊಂದದ ಕಾರಣ 2009ರ ಹೊತ್ತಿಗೆ ಕಟ್ಟಡ ಸಾರ್ವಜನಿಕರಿಗೆ ಮುಚ್ಚಿತು. ಅಲ್ಲಿಂದ ಮುಂದಿನ ಚರಿತ್ರೆ ಪ್ರಸ್ತಾವಗಳ ಚರಿತ್ರೆ. 21.7 ಕೋಟಿ ಡಾಲರ್ ಸಾಲದಿಂದ ಇದನ್ನು ಪ್ರದರ್ಶನ ಭವನವಾಗಿಸುವ ಯೋಜನೆ 2013ರ ನವೆಂಬರ್ 5ರಂದು ಮತದಾರರ ಮುಂದೆ ಬಂದು ಸೋತಿತು. ವಿರೋಧವಾಗಿ ಬಿದ್ದದ್ದು ಸುಮಾರು ಶೇ. 53 ಮತ. ವಿಚಿತ್ರವೆಂದರೆ ಅದಕ್ಕೆ ಮೂರು ದಿನ ಮೊದಲು ಕೌಂಟಿ ಒಳಗಿನ ಸಾಮಾನುಗಳನ್ನು ಮಾರಾಟಕ್ಕಿಟ್ಟಾಗ ಜನ ಉದ್ದನೆಯ ಸಾಲಿನಲ್ಲಿ ಕಾದು ನಿಂತು, ಜೋಡಿ ಆಸನಕ್ಕೆ 200 ಡಾಲರ್ ಕೊಟ್ಟು, ಕೃತಕ ಹುಲ್ಲಿನ ತುಂಡುಗಳನ್ನೂ ಕೊಂಡು ಮನೆಗೆ ಒಯ್ದಿದ್ದರು. ಅದೇ ವರ್ಷ ಪರಂಪರೆ ರಕ್ಷಣೆಯ ರಾಷ್ಟ್ರೀಯ ಟ್ರಸ್ಟ್ ಆಸ್ಟ್ರೋಡೋಮನ್ನು ಅಪಾಯದಲ್ಲಿರುವ ಹನ್ನೊಂದು ತಾಣಗಳ ಪಟ್ಟಿಗೆ ಸೇರಿಸಿತು. ಡಿಸೆಂಬರ್‌ನಲ್ಲಿ ಹೊರಗಿನ ಇಳಿಜಾರು ಗೋಪುರಗಳನ್ನು ಕೆಡವಲಾಯಿತು. ಅವು 1980ರ ದಶಕದ ಸೇರ್ಪಡೆಗಳಾದ್ದರಿಂದ ಮೂಲ ರಚನೆ ಮತ್ತೆ ಸ್ಪಷ್ಟವಾಗಿ ಕಂಡಿತು. 2014ರ ಜನವರಿಯಲ್ಲಿ ಕಟ್ಟಡ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. 2017ರ ಜನವರಿಯಲ್ಲಿ ಟೆಕ್ಸಸ್ ರಾಜ್ಯ ಇದನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿತು. ಅಂದಿನಿಂದ ರಾಜ್ಯದ ಐತಿಹಾಸಿಕ ಆಯೋಗದ ಅನುಮತಿಯಿಲ್ಲದೆ ಇದನ್ನು ಕೆಡವುವಂತಿಲ್ಲ, ಮಾರ್ಪಡಿಸುವಂತಿಲ್ಲ.

ಈ ಅವಧಿಯಲ್ಲಿ ಕೌಂಟಿ ಜಡ್ಜ್ ಆಗಿದ್ದ ಎಡ್ ಎಮ್ಮೆಟ್ ಕಟ್ಟಡವನ್ನು ಕೌಂಟಿಯ ಆಸ್ತಿಯೆಂದು ನೋಡಬೇಕೆಂದು ಪಟ್ಟು ಹಿಡಿದರು. 2018ರ ಫೆಬ್ರವರಿಯಲ್ಲಿ ಕೌಂಟಿಯ ಆಡಳಿತ ಮಂಡಳಿಯಾದ ಕಮಿಷನರ್ಸ್ ಕೋರ್ಟ್ ಒಪ್ಪಿದ 10.5 ಕೋಟಿ ಡಾಲರ್ ಯೋಜನೆ ನನಗೆ ಇಂದಿಗೂ ಅತ್ಯಂತ ಸಮಂಜಸವಾಗಿ ಕಾಣುತ್ತದೆ. ತಗ್ಗಿನಲ್ಲಿರುವ ನೆಲವನ್ನು ಹೊರಗಿನ ಮಟ್ಟಕ್ಕೆ ಎತ್ತುವುದು, ಅದರ ಕೆಳಗೆ ಎರಡು ಅಂತಸ್ತಿನಲ್ಲಿ ಸುಮಾರು 1,400 ವಾಹನಗಳಿಗೆ ಜಾಗ, ಮೇಲೆ ಕಂಬವಿಲ್ಲದ ಒಂಬತ್ತು ಎಕರೆ ಬಯಲು. ಹಣದಲ್ಲಿ ಮೂರನೆಯ ಒಂದು ಭಾಗ ಸಾಮಾನ್ಯ ನಿಧಿಯಿಂದ, ಉಳಿದದ್ದು ಹೋಟೆಲ್ ತೆರಿಗೆ ಮತ್ತು ಪಾರ್ಕಿಂಗ್ ಆದಾಯದಿಂದ. ಏಪ್ರಿಲ್ 9ರ ಹುಟ್ಟುಹಬ್ಬಕ್ಕೆ ಬಾಗಿಲು ತೆರೆದಾಗ ಸುಮಾರು 25 ಸಾವಿರ ಜನ ಬಂದು ನೆಲದ ಮೇಲೆ ಓಡಾಡಿದರು. ವರ್ಷದ ಕೊನೆಗೆ ಚುನಾವಣೆಯಲ್ಲಿ ಆಡಳಿತ ಬದಲಾಯಿತು; ಹೊಸ ಆಡಳಿತಕ್ಕೆ ಪ್ರವಾಹ ತಡೆಯಂಥ ಬೇರೆ ತುರ್ತುಗಳಿದ್ದವು; ಯೋಜನೆ ನಿಂತಿತು.

ಆಕ್ಷೇಪಗಳು

ಮೊದಲ ಆಕ್ಷೇಪ ಹಣದ್ದು, ಅದು ಬಲವಾದದ್ದೇ. ಜೀರ್ಣೋದ್ಧಾರಕ್ಕೆ ಆಗುವ ಖರ್ಚಿನ ಮುಂದೆ ಕೆಡವುವ ಖರ್ಚು ಬಹಳ ಕಡಿಮೆ. ಆದರೆ ಕೆಡವಿದರೆ ಲೆಕ್ಕ ಮುಗಿಯುತ್ತದೆ ಎಂಬ ನಂಬಿಕೆ ಸರಿಯಲ್ಲ. ಸಿಯಾಟಲ್‌ನ ಕಿಂಗ್‌ಡೋಮನ್ನು 2000ದ ಮಾರ್ಚ್‌ನಲ್ಲಿ ಸ್ಫೋಟಿಸಿ ಕೆಡವಿದರು. ಆ ಕಟ್ಟಡದ ಸಾಲವನ್ನು ಅಲ್ಲಿನ ಜನ 2015ರವರೆಗೂ ತೀರಿಸುತ್ತಲೇ ಇದ್ದರು. ಕೆಡವಿದ ಮೇಲೆ ಹ್ಯೂಸ್ಟನ್ನಿಗೆ ಉಳಿಯುವುದು 30 ಅಡಿ ಆಳದ ಗುಂಡಿ. ಅದನ್ನು ತುಂಬಿಸುವುದಕ್ಕೂ ಹಣ ಬೇಕು, ತುಂಬಿದ ಮೇಲೆ ಸಿಗುವುದು ಇನ್ನೊಂದಿಷ್ಟು ಪಾರ್ಕಿಂಗ್ ಜಾಗ. 2018ರ ಯೋಜನೆಯಲ್ಲಿ ಅದೇ ಪಾರ್ಕಿಂಗ್ ಕಟ್ಟಡದೊಳಗೇ ಸಿಗುತ್ತಿತ್ತು. 2024ರ ನವೆಂಬರ್‌ನಲ್ಲಿ ಆಸ್ಟ್ರೋಡೋಮ್ ಕನ್ಸರ್ವೆನ್ಸಿ ಎಂಬ ಲಾಭರಹಿತ ಸಂಸ್ಥೆ, ಖಾಸಗಿ ಬಂಡವಾಳವನ್ನೂ ಸೇರಿಸಿಕೊಂಡು ಸುಮಾರು 100 ಕೋಟಿ ಡಾಲರ್‌ನ ಯೋಜನೆ ಮುಂದಿಟ್ಟಿತು. ಎರಡರ ವ್ಯಾಪ್ತಿ ಬೇರೆ ಬೇರೆ. ಆದರೂ ಕಾದಷ್ಟೂ ಕೆಲಸ ದುಬಾರಿಯಾಗುತ್ತದೆ ಎಂಬುದು ಸ್ಪಷ್ಟ, ಮತ್ತು ಆ ದುಬಾರಿತನಕ್ಕೆ ಕಾರಣ ಗುಮ್ಮಟವಲ್ಲ, ಮುಂದೂಡಿಕೆ.

ಎರಡನೆಯದು, 2013ರಲ್ಲಿ ಜನರೇ ಬೇಡವೆಂದರಲ್ಲ ಎಂಬ ಮಾತು. ಜನಾಭಿಪ್ರಾಯಕ್ಕೆ ಗೌರವ ಕೊಡಲೇಬೇಕು, ಆದರೆ ಕೇಳಿದ ಪ್ರಶ್ನೆಯನ್ನೂ ಓದಬೇಕು. ಮತಪತ್ರದಲ್ಲಿ ಕೇಳಿದ್ದು 21.7 ಕೋಟಿ ಡಾಲರ್ ಸಾಲಕ್ಕೆ ಒಪ್ಪಿಗೆ ಇದೆಯೇ ಎಂದು. ಕೆಡವಬೇಕೇ ಎಂದು ಯಾರೂ ಕೇಳಲಿಲ್ಲ. ಜನ ಒಂದು ಸಾಲವನ್ನು ನಿರಾಕರಿಸಿದರು; ಕಟ್ಟಡಕ್ಕೆ ಮರಣದಂಡನೆ ವಿಧಿಸಲಿಲ್ಲ.

ಮೂರನೆಯ ಆಕ್ಷೇಪ ನಮ್ಮವರಿಗೆ ಹೆಚ್ಚು ಸಹಜ. ಹಂಪಿ, ಬೇಲೂರು, ಗೋಳಗುಮ್ಮಟ ನೋಡಿದ ಕಣ್ಣಿಗೆ ಅರವತ್ತು ವರ್ಷದ ಉಕ್ಕು-ಕಾಂಕ್ರೀಟಿನ ಕಟ್ಟಡ ಪರಂಪರೆಯಾಗುವುದು ಹೇಗೆ? ಅಮೆರಿಕದ ರಾಷ್ಟ್ರೀಯ ಪಟ್ಟಿಗೆ ಸೇರಲು ಸಾಮಾನ್ಯವಾಗಿ ಐವತ್ತು ವರ್ಷ ಕಳೆದಿರಬೇಕು. ಆಸ್ಟ್ರೋಡೋಮ್ 48ರ ವಯಸ್ಸಿನಲ್ಲೇ ಸೇರಿದ್ದು ಅಸಾಧಾರಣ ಮಹತ್ವದ ಆಧಾರದ ಮೇಲೆ. ಕಟ್ಟಡದ ಬೆಲೆಯನ್ನು ವಯಸ್ಸಿನಿಂದ ಮಾತ್ರ ಅಳೆದರೆ ಇಪ್ಪತ್ತನೆಯ ಶತಮಾನದ್ದೇನೂ ಉಳಿಯುವುದಿಲ್ಲ. ಇದನ್ನು ನೋಡಿ ಕಟ್ಟಿದ ಕಿಂಗ್‌ಡೋಮ್ ಇಲ್ಲ. ಇಂಡಿಯಾನಾಪೊಲಿಸ್‌ನ ಆರ್‌ಸಿಎ ಡೋಮ್ 2008ರಲ್ಲಿ, ಮಿನಿಯಾಪೊಲಿಸ್‌ನ ಮೆಟ್ರೋಡೋಮ್ 2014ರಲ್ಲಿ, ಪಾಂಟಿಯಾಕ್‌ನ ಸಿಲ್ವರ್‌ಡೋಮ್ 2017ರಲ್ಲಿ ನೆಲಸಮವಾದವು. ಮಾದರಿಯಾಗಿ ನಿಂತ ಮೊದಲ ಕಟ್ಟಡ ಮಾತ್ರ ಇನ್ನೂ ಗಟ್ಟಿಯಾಗಿದೆ. 2014ರ ಡಿಸೆಂಬರ್‌ನಲ್ಲಿ ಅರ್ಬನ್ ಲ್ಯಾಂಡ್ ಇನ್‌ಸ್ಟಿಟ್ಯೂಟ್‌ನ ತಜ್ಞರ ಮಂಡಳಿಯೂ ಉಳಿಸಿ ಬಳಸಬೇಕೆಂದೇ ಶಿಫಾರಸು ಮಾಡಿತು.

ಆವರಣದಲ್ಲಿರುವ ರೋಡಿಯೋ ಸಂಸ್ಥೆ ಮತ್ತು ಟೆಕ್ಸನ್ಸ್ ಫುಟ್‌ಬಾಲ್ ತಂಡ 2014ರಲ್ಲಿ ಈ ಜಾಗದಲ್ಲಿ ತೆರೆದ ಉದ್ಯಾನ ಮಾಡುವ ಪ್ರಸ್ತಾವ ತಂದಿದ್ದವು. ತಮ್ಮ ಬಾಡಿಗೆ ಕರಾರಿನ ಮೇಲೆ ಅವುಗಳಿಗೆ ಹಕ್ಕಿದೆ. ಆವರಣ ಚೊಕ್ಕವಾಗಿರಬೇಕೆಂಬ ಅವರ ಬಯಕೆಯೂ ನ್ಯಾಯವೇ. ಆದರೆ ಟೆಕ್ಸಸ್ ಸೆಕೆಯಲ್ಲಿ ಆಗಸ್ಟ್ ತಿಂಗಳ ಮಧ್ಯಾಹ್ನ ತೆರೆದ ಉದ್ಯಾನಕ್ಕೆ ಎಷ್ಟು ಜನ ಬರುತ್ತಾರೆ? ಈ ಊರಿಗೆ ಬೇಕಾದದ್ದು ನೆರಳಿರುವ ಬಯಲು. ಹಾಗೆಂದೇ 1961ರಲ್ಲಿ ಮತ ಬಿದ್ದದ್ದು.

ಈಗ

2026ರ ವಿಶ್ವಕಪ್ ಫುಟ್‌ಬಾಲ್ ಪಂದ್ಯಗಳಿಗೆ ಪಕ್ಕದ ಸ್ಟೇಡಿಯಮ್ ಆಯ್ಕೆಯಾದದ್ದರಿಂದ ಜಗತ್ತಿನ ಕಣ್ಣು ಈ ಆವರಣದ ಕಡೆಗೆ ತಿರುಗಿತು. ಗುಮ್ಮಟದ ಮುಂದಿನ ಗತಿ ತೀರ್ಮಾನವಾಗಬೇಕಾದದ್ದು ಹ್ಯಾರಿಸ್ ಕೌಂಟಿಯ ಕಮಿಷನರ್ಸ್ ಕೋರ್ಟಿನಲ್ಲಿ. ಕೌಂಟಿ ಜಡ್ಜ್ ಮತ್ತು ನಾಲ್ವರು ಕಮಿಷನರ್‌ಗಳು, ಒಟ್ಟು ಐವರು, ಐವರೂ ಚುನಾಯಿತರು. ಅದರ ಸಭೆಗಳಲ್ಲಿ ನಿವಾಸಿಗಳು ಹೆಸರು ನೋಂದಾಯಿಸಿ ತಮ್ಮ ಮಾತು ಹೇಳಬಹುದು. ಹ್ಯಾರಿಸ್ ಕೌಂಟಿಯಲ್ಲಿ ನೆಲೆಸಿ ಆಸ್ತಿ ತೆರಿಗೆ ಕಟ್ಟುತ್ತಿರುವ, ಪೌರತ್ವ ಪಡೆದು ಮತ ಹಾಕುತ್ತಿರುವ ಕನ್ನಡ ಕುಟುಂಬಗಳು ಈ ಕಟ್ಟಡದ ಪಾಲುದಾರರು. ಕೆಡವುವ ಅಥವಾ ಉಳಿಸುವ ವಿಷಯ ಮುಂದಿನ ಸಲ ಸಭೆಯ ಕಾರ್ಯಸೂಚಿಗೆ ಬಂದಾಗ ದಯವಿಟ್ಟು ಹೋಗಿ, 2018ರ ಯೋಜನೆಯನ್ನು ಮತ್ತೆ ಮೇಜಿನ ಮೇಲೆ ತನ್ನಿ ಎಂದು ಕೇಳಿ.